ಬಾಲ್ ಬ್ಯಾಡ್ಮಿಂಟನ್ ಆಡಿದವನ ಮಗಳು

ನಾನು ಮೈಸೂರಿನಲ್ಲಿ ಓದುವಾಗ ಬಾಲ್ ಬ್ಯಾಡ್ಮಿಂಟನ್ ಆಡಿದವನು. ಉಲ್ಲನ್ ಚೆಂಡು, ಭಾರದ ಬ್ಯಾಟು, ಬಯಲಲ್ಲಿ ಐದೈದು ಜನ. ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡೇ ಹುಟ್ಟಿದವನು ಕೂಡ. ಅರವತ್ತರ ದಶಕದಲ್ಲಿ ಕೆಲಸ ಸಿಕ್ಕಿ ಬರೋಡಾಕ್ಕೆ ಬಂದು ಫತೇಗಂಜಿನಲ್ಲಿ ಮನೆ ಮಾಡಿದೆವು. ಹದಿಮೂರರ ಮಗಳು ಹತ್ತಿರದ ಹಾಲ್‌ನಲ್ಲಿ ಶಟಲ್ ಆಡಲು ಶುರುಮಾಡಿದಾಗ, ಅವಳನ್ನು ತಯಾರು ಮಾಡಲು ನನ್ನ ಅನುಭವ ಸಾಲದೇ ಅಂದುಕೊಂಡೆ.

ಅಲ್ಲಿ ಕಲಿಸುತ್ತಿದ್ದ ಗುಜರಾತಿ ಮೇಷ್ಟ್ರು ಮೊದಲ ತಿಂಗಳೇ ಹೇಳಿದ್ದರು: “ಭಾಯ್, ನಿಮ್ಮ ಆಟ ತೋಳಿನದು, ಇದು ಮಣಿಕಟ್ಟಿನದು. ಹುಡುಗಿಯನ್ನು ನನಗೆ ಬಿಡಿ.”

ಬಿಡುತ್ತೇನೆಯೇ? ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ದಿನಾ ಬೆಳಿಗ್ಗೆ ತಾರಸಿಯ ಮೇಲೆ ನನ್ನ ಹಳೆಯ ಬ್ಯಾಟನ್ನು ಅವಳ ಕೈಗೆ ಕೊಟ್ಟು ಇನ್ನೂರು ಸಲ ಬೀಸಿಸುತ್ತಿದ್ದೆ. ಆ ಭಾರ ರೂಢಿಯಾದರೆ ಶಟಲ್ ರಾಕೆಟ್ಟು ಹೂವೆತ್ತಿದ ಹಾಗಾಗುತ್ತದೆ ಎಂದು ನನ್ನ ನಂಬಿಕೆ. ಸೂರತ್‌ನ ಒಂದು ಪಂದ್ಯದಲ್ಲಿ ಅವಳ ಹೊಡೆತದ ಸದ್ದಿಗೆ ಪಕ್ಕದ ಕೋರ್ಟಿನವರು ತಿರುಗಿ ನೋಡಿದಾಗ ನಾನು ಮೀಸೆ ತಿರುವಿದ್ದೂ ಉಂಟು.

ಮುಂದೆ ಅಹಮದಾಬಾದಿನಲ್ಲಿ ರಾಜ್ಯದ ಕಿರಿಯರ ತಂಡದ ಆಯ್ಕೆ ಪಂದ್ಯ ಬಂತು. ಒಂದು ಪಂದ್ಯ ಗೆದ್ದರೆ ಅವಳಿಗೆ ಜಾಗ ಖಾಯಂ. ಇಬ್ಬರೇ ರೈಲಿನಲ್ಲಿ ಹೊರಟೆವು. ಅವಳು ನೀರಿನ ಹೂಜಿಯನ್ನು ಎಡಗೈಯಲ್ಲಿ ಎತ್ತಿದಳು. ಚೀಲವನ್ನೂ ಎಡ ಹೆಗಲಿಗೇ ಹಾಕಿಕೊಂಡಳು. ಆಡುವ ಬಲಗೈಯನ್ನು ಎತ್ತಲೇ ಇಲ್ಲ ಎಂಬುದು ನನ್ನ ಕಣ್ಣಿಗೆ ಬಿತ್ತು. ಆದರೆ ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಟ್ಟೀತು ಎಂಬ ಭಯ. ಆಣಂದ್ ಬಂತು, ನಡಿಯಾದ್ ಬಂತು, ನಾನು ಕಿಟಕಿಯಾಚೆ ನೋಡುತ್ತಲೇ ಕೂತೆ.

ಹಾಲ್‌ನಲ್ಲಿ ಪಂದ್ಯಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳಲು ಬಿಟ್ಟರು. ಹಿಂದಿನ ಗೆರೆ ಮುಟ್ಟಬೇಕಾದ ಅವಳ ಹೊಡೆತ ನೆಟ್ ದಾಟಿ ಅಲ್ಲೇ ಬಿತ್ತು. ಇನ್ನೊಂದು, ಮತ್ತೊಂದು, ಹಾಗೆಯೇ. ಇನ್ನು ಕೂರಲಾಗಲಿಲ್ಲ. ಅವಳನ್ನು ಪಕ್ಕಕ್ಕೆ ಕರೆದೆ.

“ಭುಜ ನೋಯ್ತಿದೆಯೇನೇ?”

“ಥೋಡಾ ನೋವು ಅಪ್ಪ. ಬಸ್, ಅಷ್ಟೇ.”

“ಯಾವಾಗಿಂದ?”

“ಉತ್ತರಾಯಣದಿಂದ.”

ಗಾಳಿಪಟದ ಹಬ್ಬ ಮುಗಿದು ಎರಡು ತಿಂಗಳಾಗಿತ್ತು. ದಿನಕ್ಕೆ ಇನ್ನೂರರಂತೆ ಎರಡು ತಿಂಗಳು ಅವಳು ಆ ಭುಜದಿಂದಲೇ ಬೀಸಿದ್ದಳು, ನಾನು ಎದುರಿಗೆ ನಿಂತು ಎಣಿಸಿದ್ದೆ.

“ನಂಗ್ಯಾಕೆ ಹೇಳಲಿಲ್ಲ?”

“ಅಮ್ಮಂಗೆ ಹೇಳಿದ್ದೆ. ನೀವು ಆಫೀಸಿಗೆ ಹೋದ್ಮೇಲೆ ದಿನಾ ಎಣ್ಣೆ ತಿಕ್ತಾಳೆ. ನಿಮಗೆ ಹೇಳೋಕೆ ಇಬ್ರಿಗೂ ಹೆದರಿಕೆ ಆಯ್ತು.” ನನ್ನ ಮುಖ ನೋಡಿ ಗಾಬರಿಯಿಂದ ಸೇರಿಸಿದಳು, “ಆಡ್ತೀನಿ ಅಪ್ಪ. ಒಂದೇ ಮ್ಯಾಚ್ ಅಲ್ವಾ.”

ಆ ಒಂದು ಮ್ಯಾಚಿನ ಆಸೆ ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ. ಆಡಿಸಿಬಿಡೋಣ, ಆಮೇಲೆ ಡಾಕ್ಟರಿಗೆ ತೋರಿಸೋಣ ಎಂದು ಮನಸ್ಸು ಒಂದು ಗಳಿಗೆ ಎಳೆಯಿತು. ಕೊನೆಗೆ ಪಂದ್ಯ ನಡೆಸುವವರ ಮೇಜಿಗೆ ಹೋಗಿ ಅವಳ ಹೆಸರು ತೆಗೆಸಿದೆ. ವಾಪಸ್ ಬಂದು ಅವಳ ಪಕ್ಕ ಕೂತೆ. ಅತ್ತಾಳು, ಜಗಳವಾಡಿಯಾಳು ಅಂದುಕೊಂಡಿದ್ದೆ. ಅವಳು ರಾಕೆಟ್ಟನ್ನು ಎಡಗೈಯಲ್ಲೇ ಚೀಲಕ್ಕೆ ಹಾಕಿ, ಮೆಲ್ಲಗೆ ಕೇಳಿದಳು:

“ಮನೆಗೆ ಹೋದ್ಮೇಲೆ ಅಮ್ಮನ್ನ ಬೈಯಲ್ಲ ಅಲ್ವಾ?”