ಪೂಜೆಗೆ ಕೂತ ಬಾಡಿಗೆ ರೇಡಿಯೋ

ಮನೆಗೆ ಸ್ವಂತ ರೇಡಿಯೋ ಬಂದ ಮೇಲೆ ನಮ್ಮ ದಸರಾ ಸಪ್ಪೆಯಾಯಿತು. ಮೊದಲೆಲ್ಲ ಅರಮನೆಯ ಸಂಗೀತ ಕಚೇರಿ ಕೇಳಲು ಅಜ್ಜಿ ಒಂಬತ್ತು ದಿನಕ್ಕೆ ರೇಡಿಯೋ ಬಾಡಿಗೆಗೆ ತರಿಸುತ್ತಿದ್ದರು. ಒಂದು ವರ್ಷ ಅಂಗಡಿಯವರು ಅವರ ಬೆಳ್ಳಿ ಲೋಟವನ್ನೇ ಒತ್ತೆ ಇಟ್ಟುಕೊಂಡರು. ಬೇರೆ ಲೋಟದಲ್ಲಿ ಕುಡಿದರೆ ಅದು ಕಾಫಿಯಲ್ಲ, ಕಷಾಯ ಎನ್ನುತ್ತಿದ್ದ ಅಜ್ಜಿ, ದಿನಕ್ಕೆ ಬರೀ ಆರು ಸಲ ಕಷಾಯ ಕುಡಿದು ಸೊರಗಿಹೋದರು.

ರೇಡಿಯೋ ವಾಪಸು ಕೊಡಬೇಕಿದ್ದ ಒಂಬತ್ತನೆಯ ದಿನವೇ ಆಯುಧಪೂಜೆ. ಈಳಿಗೆಮಣೆ, ಅಪ್ಪನ ಸೈಕಲ್ಲುಗಳ ಜೊತೆ ರೇಡಿಯೋಗೂ ಗಂಧ, ಕುಂಕುಮ ಬಿತ್ತು. ಪೂಜೆಗಿಟ್ಟದ್ದನ್ನು ಅಂದು ಅಲುಗಿಸುವಂತಿಲ್ಲ. ಹಾಗಾಗಿ ಮಾರನೆಯ ಬೆಳಿಗ್ಗೆ, ಅಂಬಾರಿ ಆನೆಗಿಂತ ಒಂದೆರಡು ಸೇರು ಕಡಿಮೆ ತೂಗುವ ಆ ಪೆಟ್ಟಿಗೆಯನ್ನು ಅಜ್ಜಿಯ ಹಿಂದೆ ಅಂಗಡಿಯವರೆಗೂ ನಾನೊಬ್ಬನೇ ಹೊತ್ತೆ. ಇನ್ನೊಂದು ತುದಿಯನ್ನು ಚಿಕ್ಕಪ್ಪ ಸುಮ್ಮನೆ ಮುಟ್ಟಿಕೊಂಡಿದ್ದರು.

"ಒಂದಿನ ತಡ ಆಯ್ತು ಕಣಮ್ಮ. ಇನ್ನೊಂದಿನದ ಬಾಡಿಗೆ ಕೊಟ್ಬುಟ್ಟು ಲೋಟ ತಗೊಂಡೋಗಿ," ಎಂದರು ಅಂಗಡಿಯವರು.

"ನಿನ್ನೆ ತಂದಿದ್ರೆ ವಾಪಸ್ ತಗೋತಿದ್ರೇನ್ರೀ?" ಅಜ್ಜಿ ಕೇಳಿದರು.

"ನಿನ್ನೆ ಎಂಗಮ್ಮ? ಸ್ಕ್ರೂಡ್ರೈವರೆಲ್ಲ ಪೂಜೆಗಿಟ್ಟು ಬಾಗ್ಲು ಹಾಕಿದ್ವಲ್ಲ!"

"ನೀವು ಬಾಗ್ಲು ಹಾಕಿದ್ದಕ್ಕೆ ನಾನ್ಯಾಕ್ರೀ ಬಾಡಿಗೆ ಕೊಡ್ಲಿ?"

ಅಂಗಡಿಯವರು ಬಾಯಿ ತೆರೆದು ನಕ್ಕರು. ನಾನು ಅವರ ಹಲ್ಲನ್ನೆಲ್ಲ ಎರಡೆರಡು ಸಲ ಎಣಿಸಿ ಮುಗಿಸಿದರೂ ನಗು ನಿಲ್ಲಲಿಲ್ಲ. ಕೊನೆಗೆ ಲೋಟ ತಂದುಕೊಟ್ಟರು.

ಅಜ್ಜಿ ಅದನ್ನು ಸೆರಗಿನಲ್ಲಿ ಒರೆಸುತ್ತ ಬಾಗಿಲವರೆಗೂ ಹೋಗಿ ತಿರುಗಿದರು. "ಮುಂದಿನ ವರ್ಷಾನೂ ಇದೇ ರೇಡಿಯೋನೇ ಎತ್ತಿಟ್ಟಿರಿ. ಅದಕ್ಕೆ ನಮ್ಮನೆ ಪೂಜೆ ಆಗಿದೆ ಕಣ್ರೀ."