ಆಲ್ಗೊಯ್ ಗುಡ್ಡದಲ್ಲಿ ನಾನು ನಿಲ್ಲದ ಕವಲು

ಬಕ್ರೀದ್ ರಜೆಯ ಮೊದಲ ದಿನ ಬೆಳಿಗ್ಗೆ ನಾವಿಬ್ಬರು ಎರಡು ದೊಡ್ಡ ರಟ್ಟಿನ ಪೆಟ್ಟಿಗೆಗಳೊಂದಿಗೆ ದೋಹಾ ವಿಮಾನ ನಿಲ್ದಾಣದಲ್ಲಿ ನಿಂತಿದ್ದೆವು. ಪೆಟ್ಟಿಗೆಗಳಲ್ಲಿ ಚಕ್ರ ಬಿಚ್ಚಿ, ಹ್ಯಾಂಡಲ್ ತಿರುಗಿಸಿ ಕಟ್ಟಿದ ಸೈಕಲ್ಲುಗಳಿದ್ದವು. ಜೂನ್ ತಿಂಗಳು, ಹೊರಗೆ ಆಗಲೇ ನಲವತ್ತು ಡಿಗ್ರಿ. ನನ್ನ ಜೊತೆಗಿದ್ದವರು ವಸಂತಣ್ಣ. ಊರು ಕಾಪು ಕಡೆ, ವಯಸ್ಸು ಐವತ್ತಾರು, ಏಸಿ ಕೂರಿಸುವ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಹೆಂಡತಿ ಸುಜಾತಕ್ಕನ ಜೊತೆ ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯಲ್ಲಿ ಮನೆ. ನಾನು ಮೈಸೂರಿನವನು, ಅವರಿಗಿಂತ ಹದಿನೈದು ವರ್ಷ ಚಿಕ್ಕವನು, ಐನ್ ಖಾಲಿದ್‌ನಲ್ಲಿ ವಾಸ.

ನಾಲ್ಕು ವರ್ಷಗಳಿಂದ ಶುಕ್ರವಾರ ಬೆಳಗಾದರೆ ನಾವಿಬ್ಬರೂ ಸೈಕಲ್ ಮೇಲೆ. ದಪ್ಪ ಟೈರಿನ, ಕಲ್ಲುಹಾದಿಗೂ ಒಗ್ಗುವ ಗ್ರಾವೆಲ್ ಸೈಕಲ್ಲುಗಳನ್ನು ಇಬ್ಬರೂ ಒಟ್ಟಿಗೇ ಕೊಂಡಿದ್ದೆವು. ಕತಾರಿನಲ್ಲಿ ಏರು ಎಂಬುದಿಲ್ಲ, ಎದುರುಗಾಳಿಯೇ ನಮಗೆ ಏರು. ಆಲ್ಪ್ಸ್ ಪರ್ವತದ ತಪ್ಪಲಿನ ಕಾಡುಗುಡ್ಡಗಳಿಗೆ ಹೋಗುವುದೆಂದು ನಿಶ್ಚಯವಾದ ಮೇಲೆ ಬಿನ್ ಒಮ್ರಾನಿನ ಬಹುಮಹಡಿ ಪಾರ್ಕಿಂಗ್ ಕಟ್ಟಡದ ಇಳಿಜಾರಿನಲ್ಲಿ ಮೇಲೆ ಕೆಳಗೆ ಓಡಾಡಿ ಅಭ್ಯಾಸ ಮಾಡಿದೆವು. ಮೂರನೆಯ ವಾರ ಕಾವಲುಗಾರ ಎರಡೂ ಕೈ ಅಡ್ಡ ಹಿಡಿದು, "ಖಲಾಸ್, ಖಲಾಸ್" ಎಂದು ನಮ್ಮನ್ನು ಹೊರಗೆ ಕಳಿಸಿದ.

ಜರ್ಮನಿಯ ಮ್ಯೂನಿಕ್‌ಗೆ ಆರು ಗಂಟೆ ಹಾರಾಟ. ಅಲ್ಲಿಂದ ಆಲ್ಗೊಯ್ ಸೀಮೆಯ ಸಣ್ಣ ಪಟ್ಟಣವೊಂದಕ್ಕೆ ರೈಲು. ಕಿಟಕಿಯಾಚೆ ಹಸುರು ಏಳುತ್ತ ಏಳುತ್ತ ಗುಡ್ಡವಾಯಿತು, ಗುಡ್ಡದ ಹಿಂದೆ ಇನ್ನೂ ಹಿಮ ಉಳಿಸಿಕೊಂಡ ಬೆಟ್ಟಗಳು ಕಂಡವು. ಹದಿನೇಳು ಡಿಗ್ರಿ. ವಸಂತಣ್ಣ ನಿಲ್ದಾಣದಲ್ಲಿ ಇಳಿದವರೇ ಬಾಯಿ ತೆರೆದು ಗಾಳಿ ಎಳೆದುಕೊಂಡರು. "ಇಡೀ ಊರಿಗೇ ಏಸಿ ಹಾಕಿದ್ದಾರೆ ಮಾರಾಯ. ನನಗೆ ಇಲ್ಲಿ ಕೆಲಸವೇ ಇಲ್ಲ."

ತಂಗುಮನೆಯ ಅಂಗಳದಲ್ಲಿ ಸೈಕಲ್ ಜೋಡಿಸಿದೆವು. ನನ್ನ ಹ್ಯಾಂಡಲ್‌ಗೆ ನಕ್ಷೆ ತೋರಿಸುವ ಪುಟ್ಟ ಯಂತ್ರವಿತ್ತು, ಐದು ದಿನದ ದಾರಿಯೂ ಅದರಲ್ಲಿತ್ತು. ಅವರ ಫೋನಿಗೂ ದಾರಿ ಹಾಕಿಕೊಡುತ್ತೇನೆ ಎಂದರೆ ಬೇಡವೆಂದರು.

"ನಿನ್ನ ಹತ್ರ ಉಂಟಲ್ಲ, ನನಗೆ ಎಂತಕ್ಕೆ? ಒಂದು ಮಾಡು. ಎಲ್ಲಿ ದಾರಿ ಎರಡಾಗ್ತದೋ ಅಲ್ಲಿ ನಿಲ್ಲು. ನಾನು ಬಂದು ಮುಟ್ಟಿದ ಮೇಲೆ ಹೊರಡುವ."

"ಆಯ್ತು ವಸಂತಣ್ಣ," ಎಂದೆ. ಮಾತು ಇಷ್ಟೇ ಆಗಿತ್ತು.

ಮೊದಲ ದಿನ ನಲವತ್ತೆರಡು ಕಿಲೋಮೀಟರ್. ಸರೋವರದ ದಂಡೆ ಬಿಟ್ಟು ಸ್ಪ್ರೂಸ್ ಮರಗಳ ಕಾಡಿಗೆ ನುಗ್ಗಿದರೆ, ಮರ ಸಾಗಿಸುವ ಲಾರಿಗಳಿಗಾಗಿ ಮಾಡಿದ ಬಿಳಿ ಜಲ್ಲಿಯ ದಾರಿಗಳು. ಚಕ್ರದಡಿ ಜಲ್ಲಿ ಸದ್ದು, ಎಲ್ಲೋ ಹಸುಗಳ ಕೊರಳಗಂಟೆ, ಕಡಿದ ಮರದ ಘಾಟು. ಕಾಡು ಮುಗಿದಲ್ಲಿ ಹುಲ್ಲುಗಾವಲು, ಮೇಲೆ ಒಂದು ಹಾಲಿನ ಮನೆ. ಅಲ್ಲಿ ಬ್ರೆಡ್ಡು, ಗಟ್ಟಿ ಚೀಸು, ಮಜ್ಜಿಗೆ. ವಸಂತಣ್ಣ ಎರಡು ಲೋಟ ಮಜ್ಜಿಗೆ ಕುಡಿದು ಹುಲ್ಲಿನ ಮೇಲೆ ಮಲಗಿಯೇಬಿಟ್ಟರು.

ಅವರು ಹತ್ತು ಕಡೆ ನಿಂತರು. ಇರುವೆಗೂಡು ನೋಡಲು, ತೊಟ್ಟಿಗೆ ಬೀಳುವ ನೀರಿಗೆ ಕೈಯೊಡ್ಡಲು, ಹಸುವಿನ ಕಿವಿಯ ಹಳದಿ ಚೀಟಿಯ ಅಂಕಿ ಓದಲು. ನಾನು ಪ್ರತಿ ಕವಲಿನಲ್ಲೂ ಕಾದೆ. ಮೈಬೆವರು ಆರಿ ಚಳಿ ಹತ್ತುತ್ತಿತ್ತು. ಯಂತ್ರದಲ್ಲಿ ನನ್ನ ಸರಾಸರಿ ವೇಗ ಇಳಿಯುವುದನ್ನು ನೋಡುತ್ತ ನಿಲ್ಲುತ್ತಿದ್ದೆ. ದೋಹಾದ ಗೆಳೆಯರೆಲ್ಲ ಸೈಕಲ್ ಸವಾರರ ಆ್ಯಪ್‌ನಲ್ಲಿ ಅದನ್ನು ನೋಡುತ್ತಾರೆಂಬುದು ತಲೆಯಲ್ಲಿತ್ತು. ಎರಡನೆಯ ದಿನವೂ ಹಾಗೇ. ಸಂಜೆ ಸ್ವಲ್ಪ ಬಿರುಸಾಗಿಯೇ ಹೇಳಿದೆ: "ನಾಳೆ ಏರು ಜಾಸ್ತಿ ಇದೆ. ಇಷ್ಟು ನಿಧಾನ ಆದ್ರೆ ಆಗಲ್ಲ ವಸಂತಣ್ಣ."

ಅವರು ಆಲೂಗೆಡ್ಡೆ ಸಾರಿನ ಬಟ್ಟಲಿನಿಂದ ತಲೆ ಎತ್ತಲಿಲ್ಲ. "ಆಯ್ತು. ನಾಳೆ ಸ್ವಲ್ಪ ಬೇಗ ತುಳಿಯುವ," ಎಂದರು.

ಮೂರನೆಯ ದಿನ ತುಂತುರು ಬಿದ್ದು ನಿಂತಿತ್ತು, ದಾರಿ ಒದ್ದೆ. ಅವರು ನಿಜವಾಗಿಯೂ ಬೇಗ ತುಳಿದರು. ಒಂಬತ್ತು ಕಿಲೋಮೀಟರ್ ಏರನ್ನು ಹೆಚ್ಚು ನಿಲ್ಲದೆ ಹತ್ತಿದರು. ಹಸುಗಳನ್ನು ಕೂಡ ಮಾತಾಡಿಸಲಿಲ್ಲ. ಮಲೆಯ ನೆತ್ತಿಯಲ್ಲಿ ಕೆಂಪೇರಿದ ಮುಖದಲ್ಲಿ ನನ್ನ ಬೆನ್ನು ತಟ್ಟಿ, "ಹೋಗು, ಬಂದೆ" ಎಂದರು. ನಾನು ಇಳಿಯತೊಡಗಿದೆ.

ಒಂದು ಕಿಲೋಮೀಟರ್ ಕೆಳಗೆ ದಾರಿ ಎರಡಾಯಿತು. ನಮ್ಮದು ಎಡಕ್ಕೆ. ಕವಲು ಕಂಡಿತು, ಬ್ರೇಕಿನ ಮೇಲೆ ಬೆರಳೂ ಇತ್ತು. ಆದರೆ ಎಡಗಡೆ ದಾರಿ ಕಣಿವೆಯ ತನಕ ಸುರುಳಿ ಬಿಚ್ಚಿದ ಹಾಗೆ ಕಂಡಿತು. ಕತಾರಿನ ಬಯಲಿನಲ್ಲಿ ನಾಲ್ಕು ವರ್ಷ ತುಳಿದವನಿಗೆ ತುಳಿಯದೇ ಹಾರುವ ಆರು ಕಿಲೋಮೀಟರ್! ಒಂದು ತಿರುವು ಇಳಿದು ನಿಲ್ಲೋಣ ಅಂದುಕೊಂಡೆ. ಆಮೇಲೆ ಇನ್ನೊಂದು. ಕೆಳಗಿನ ಹಳ್ಳಿಯ ಚರ್ಚಿನ ಮುಂದೆ ಸೈಕಲ್ ನಿಂತಾಗಲೇ ವಸಂತಣ್ಣನ ನೆನಪಾದದ್ದು. ಎದೆ ಹೊಡೆದುಕೊಳ್ಳುತ್ತಿತ್ತು, ಸುಳ್ಳು ಹೇಳುವುದಿಲ್ಲ, ಅದು ಸಂತೋಷಕ್ಕೆ.

ಹಿಂದಕ್ಕೆ ಹತ್ತಬಹುದಿತ್ತು. ಹತ್ತಲಿಲ್ಲ. ಹೇಗೂ ಬರುತ್ತಾರೆ ಎಂದು ಎದುರಿನ ಬೇಕರಿಯಲ್ಲಿ ಕಾಫಿ, ಸೇಬಿನ ಕೇಕು ತೆಗೆದುಕೊಂಡು ಫೋಟೋ ಹಾಕಿದೆ. ಅರ್ಧ ಗಂಟೆಯಾಯಿತು. ಅವರ ಫೋನು ಸಿಗಲಿಲ್ಲ. ಮುಕ್ಕಾಲು ಗಂಟೆಗೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಹೆಂಗಸೊಬ್ಬಳು ಒಂದೊಂದೇ ಇಂಗ್ಲಿಷ್ ಪದ ಹುಡುಕಿ ಹೇಳಿದಳು: ನಿಮ್ಮ ಗೆಳೆಯ ನಮ್ಮ ಅಡುಗೆಮನೆಯಲ್ಲಿದ್ದಾರೆ. ಮಾತಾಡುತ್ತಿದ್ದಾರೆ. ಕೈ ಮಾತ್ರ ಎತ್ತಲಾಗುತ್ತಿಲ್ಲ.

ವಸಂತಣ್ಣ ಕವಲಿನಲ್ಲಿ ಬಲಕ್ಕೆ ತಿರುಗಿದ್ದರು. ಆ ದಾರಿಯಲ್ಲಿ, ಹಸುಗಳು ದಾಟದಂತೆ ಅಡ್ಡಕ್ಕೆ ತೋಡಿದ ಗುಂಡಿಯ ಮೇಲೆ ಸಾಲಾಗಿ ಕಬ್ಬಿಣದ ಕೊಳವೆ ಹಾಸಿದ್ದರು. ಒದ್ದೆ ಕೊಳವೆಯ ಮೇಲೆ ಚಕ್ರ ಜಾರಿ, ಬಲಭುಜ ನೆಲಕ್ಕೆ ಬಡಿದಿತ್ತು. ಕಾಲರ್ ಬೋನ್ ಮುರಿದಿತ್ತು. ಬಿದ್ದಲ್ಲಿಂದ ಒಂದೂವರೆ ಕಿಲೋಮೀಟರ್ ನಡೆದು ಆ ಹೆಂಗಸಿನ ಮನೆ ಸೇರಿದ್ದರು. ಆಸ್ಪತ್ರೆಗೆ ಕರೆತಂದವಳೂ ಅವಳೇ.

ನಾನು ಟ್ಯಾಕ್ಸಿಯಲ್ಲಿ ತಲುಪಿದಾಗ ಅವರು ತೋಳಿಗೆ ನೀಲಿ ಪಟ್ಟಿ ಕಟ್ಟಿಸಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಮುಖ ಬಿಳಿಚಿಕೊಂಡಿತ್ತು.

"ನೀನು ಕವಲಲ್ಲಿ ಇರ್ಲಿಲ್ಲ," ಎಂದರು. ಸಿಟ್ಟಿನಲ್ಲಿ ಅಲ್ಲ.

"ಕಾದೆ ವಸಂತಣ್ಣ. ಐದು ನಿಮಿಷ ಕಾದೆ. ನೀವು ಬರಲಿಲ್ಲ, ಚಳಿ ಬೇರೆ..." ನನ್ನ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತು ಎಂದರೆ ನನಗೇ ನಂಬಿಕೆಯಾಯಿತು.

ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ಹೌದಾ," ಎಂದರು.

ಉಳಿದ ಎರಡು ದಿನದ ದಾರಿ ಹಾಗೇ ಉಳಿಯಿತು. ತಂಗುಮನೆಯ ಕಿಟಕಿಯ ಬಳಿ ಅವರು, ಎದುರಿಗೆ ನಾನು. ಅವರ ಅಂಗಿಯ ಗುಂಡಿ ನಾನೇ ಹಾಕಿದೆ, ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಟ್ಟೆ. ಪ್ರತಿ ಸಲವೂ "ಥ್ಯಾಂಕ್ಸ್" ಎಂದರು. ನಾಲ್ಕು ವರ್ಷದಲ್ಲಿ ಅವರು ನನಗೆ ಥ್ಯಾಂಕ್ಸ್ ಹೇಳಿದ್ದೇ ಇರಲಿಲ್ಲ. ಹೊರಗೆ ಬಿಸಿಲು ಬಂದಿತ್ತು, ಗುಡ್ಡಗಳು ತೊಳೆದಿಟ್ಟಂತಿದ್ದವು. "ನೀನು ಒಂದು ಸುತ್ತು ಹೋಗಿ ಬಾ, ಸುಮ್ಮನೆ ಎಂತಕ್ಕೆ ಕೂರ್ತಿ?" ಎಂದು ಅವರೇ ಹೇಳಿದರು. ಹೋಗಲು ಮನಸ್ಸಾಗಲಿಲ್ಲ. ನಿಜ ಹೇಳಲೂ ಬಾಯಿ ಬರಲಿಲ್ಲ.

ದೋಹಾದಲ್ಲಿ ಇಳಿದಾಗ ಸಂಜೆ. ಸುಜಾತಕ್ಕ ಕಾರು ತಂದಿದ್ದರು. ಗಂಡನ ತೋಳು ಮುಟ್ಟಿ ನೋಡಿ, ನೇರ ನನ್ನ ಕಡೆ ತಿರುಗಿದರು. "ಒಟ್ಟಿಗೆ ಹೋದವರಲ್ವಾ? ಇವರು ಬೀಳುವಾಗ ನೀವು ಎಲ್ಲಿದ್ರಿ?"

ನಾನು ಬಾಯಿ ತೆರೆಯುವ ಮೊದಲೇ ವಸಂತಣ್ಣ ಹೇಳಿದರು: "ಅವನದ್ದು ಎಂತದ್ದೂ ಇಲ್ಲ. ನಾನೇ ದಾರಿ ತಪ್ಪಿದ್ದು. ಯಲ್ಲಾ, ಹೊರಡುವ."

ಮೊದಲು ನನ್ನನ್ನು ಐನ್ ಖಾಲಿದ್‌ಗೆ ಬಿಡಲು ಬಂದರು. ನಮ್ಮ ಕಟ್ಟಡದ ಮುಂದೆ ನನ್ನ ಪೆಟ್ಟಿಗೆ ಇಳಿಸುವಾಗ ಅವರೂ ಇಳಿದು ಬಂದರು. ಸುಜಾತಕ್ಕ ಸ್ಟೀರಿಂಗ್ ಹಿಂದೆಯೇ ಕೂತಿದ್ದರು. ಅವರಿಗೆ ಕೇಳದಷ್ಟು ಮೆಲ್ಲಗೆ ವಸಂತಣ್ಣ ಹೇಳಿದರು:

"ಮೇಲಿನ ತಿರುವಿನಿಂದ ನೀನು ಕಾಣ್ತಿದ್ದಿ ಮಾರಾಯ. ಕವಲಿನ ತನಕ ಕಂಡೆ. ಆಮೇಲೆ ಮರ ಅಡ್ಡ ಬಂತು, ಯಾವ ಕಡೆ ಹೋದೆ ಗೊತ್ತಾಗ್ಲಿಲ್ಲ. ಕೂಗಿದೆ ಕೂಡ. ನೀನು ಒಂದು ಕಾಲೂ ಕೆಳಗಿಡ್ಲಿಲ್ಲ."

"ವಸಂತಣ್ಣ..."

"ಬಿದ್ದದ್ದಕ್ಕೆ ಬೇಜಾರಿಲ್ಲ. ಬೀಳುವುದು ಇದ್ದದ್ದೇ. ಐದು ನಿಮಿಷ ಕಾದೆ ಅಂದಿಯಲ್ಲ, ಅದು ಬೇಡ ಇತ್ತು." ಎಡಗೈಯಿಂದ ನನ್ನ ಭುಜ ಒತ್ತಿ ಕಾರು ಹತ್ತಿದರು. ಕಾರು ರೌಂಡಬೌಟ್ ಸುತ್ತಿ ಮರೆಯಾಗುವವರೆಗೂ ನಾನು ಆ ಧಗೆಯಲ್ಲಿ ಪೆಟ್ಟಿಗೆ ಹಿಡಿದು ನಿಂತಿದ್ದೆ.

ಇದಾಗಿ ಒಂದು ವರ್ಷ ಕಳೆದಿದೆ. ಮೂಳೆ ಕೂಡಿದೆ. ಅವರು ಸೈಕಲ್ ಮಾರಿದರು, ಭುಜದ ನೆಪ ಹೇಳಿದರು. ಸಿಕ್ಕಾಗ ನಗುತ್ತಾರೆ, ಊಟವಾಯಿತಾ ಎನ್ನುತ್ತಾರೆ, ನಿಲ್ಲುವುದಿಲ್ಲ. ಇಲ್ಲಿನ ನಮ್ಮವರು ಊಟಕ್ಕೆ ಸೇರಿದಾಗ, "ಯುರೋಪಿನಲ್ಲಿ ದಾರಿ ತಪ್ಪಿದ ವಸಂತಣ್ಣ" ಎಂದು ಅವರನ್ನು ಈಗಲೂ ಕೆಣಕುತ್ತಾರೆ. ಅವರು ನಗುತ್ತಾರೆ. ಎಲೆಯ ಮುಂದೆ ತಲೆ ತಗ್ಗಿಸಿ ನಾನೂ ನಕ್ಕಿದ್ದೇನೆ.

ಸುಜಾತಕ್ಕ ಕೇಳಿದ್ದಕ್ಕೆ ಉತ್ತರ ಇದು. ವಸಂತಣ್ಣ ದಾರಿ ತಪ್ಪಲಿಲ್ಲ. ಅವರು ಬೀಳುವಾಗ ನಾನು ಕೆಳಗೆ ಹಳ್ಳಿಯ ಬೇಕರಿಯಲ್ಲಿ ಕೇಕು ತಿನ್ನುತ್ತಿದ್ದೆ.