ಧಾರೆ ಸೀರೆಯ ಸುಟ್ಟ ಸೆರಗು

ಆ ದಿನ ಬೆಳಿಗ್ಗೆಯೂ ಎಂದಿನಂತೆ ಹೊಸಿಲು ತೊಳೆದು, ಪುಟ್ಟದೊಂದು ರಂಗೋಲಿ ಎಳೆದು, ಹಾಲು ಕಾಯಲಿಟ್ಟೆ. ಯಜಮಾನರ ಡಬ್ಬಿಗೆ ಚಪಾತಿ ಲಟ್ಟಿಸುತ್ತ ಫ್ರಿಜ್ಜಿನ ಮೇಲಿದ್ದ ಫೋನಿನ ಕಡೆಗೇ ಕಣ್ಣು. ನಿಮಿಷಕ್ಕೊಮ್ಮೆ ಅದರ ಬೆಳಕು ಹತ್ತಿ ಆರುತ್ತಿತ್ತು. ಹಿಂದಿನ ಸಂಜೆ ಹಾಕಿದ್ದ ರೀಲ್ಸನ್ನು ಜನ ನೋಡುತ್ತಿದ್ದಾರೆ ಎಂದು ಒಳಗೊಳಗೇ ಹಿಗ್ಗು.

ಕೆ.ಆರ್. ನಗರದ ನಮ್ಮ ಮನೆಯಲ್ಲೇ ಕೂತು ನಾನು ಸೀರೆ ಸೆರಗಿಗೆ ಕುಚ್ಚು ಕಟ್ಟಿಕೊಡುತ್ತೇನೆ. ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸಿದ ಸಿಸ್ಟರ್ ಬಟ್ಟೆಯ ಹಿಂಬದಿಯನ್ನೇ ಮೊದಲು ತಿರುಗಿಸಿ ನೋಡುತ್ತಿದ್ದರು. ಆ ಹೆದರಿಕೆಯಲ್ಲಿ ಪಳಗಿದ ಕೈ ಇದು. ಮೊದಮೊದಲು ನೆಂಟರಿಷ್ಟರ ಸೀರೆಗಳಷ್ಟೇ ಬರುತ್ತಿದ್ದವು. ಮಗಳು ರೀಲ್ಸ್ ಮಾಡಲು ಹೇಳಿಕೊಟ್ಟ ಮೇಲೆ ಹುಣಸೂರು, ಪಿರಿಯಾಪಟ್ಟಣದಿಂದಲೂ ಕೇಳತೊಡಗಿದರು. "ಮೊದ್ಲು ಹೆಂಗಿತ್ತು, ಆಮೇಲೆ ಹೆಂಗಾಯ್ತು ಅಂತ ತೋರಿಸ್ಬೇಕಮ್ಮ. ಆಗ್ಲೇ ಜನ ನಿಂತು ನೋಡೋದು" ಎಂದಿದ್ದಳು.

ಹಾಗೆಯೇ ತೋರಿಸಿದ್ದೆ. ಸಾಲಿಗ್ರಾಮದ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ಅವಳ ಧಾರೆ ಸೀರೆ ತಂದಿದ್ದರು. ಗಂಡಿನ ಕಡೆಯವರು ಕೊಟ್ಟದ್ದು. ದಾಳಿಂಬೆ ಬಣ್ಣ, ಅಂಚಿನ ತುಂಬ ಜೋಡಿ ನವಿಲು. ಇಸ್ತ್ರಿ ಮಾಡುವಾಗ ಸೆರಗಿನ ತುದಿ ಸುಟ್ಟಿತ್ತು. "ಧಾರೆ ಸೀರೆ ಸುಟ್ಟೋಯ್ತು ಅಂದ್ರೆ ಅಪಶಕುನ ಅಂತಾರೆ ಕಣಕ್ಕ. ಮೊದ್ಲೇ ಇವ್ಳಿಗೆ ಒಂದು ಸಂಬಂಧ ಮುರಿದೋಗಿದೆ. ಯಾರ್ಗೂ ಗೊತ್ತಾಗೋದು ಬ್ಯಾಡ" ಎಂದಿದ್ದರು. ಹುಡುಗಿ ಸುಟ್ಟ ಜಾಗವನ್ನು ಉಗುರಿನಿಂದ ಮೆಲ್ಲಗೆ ಕೆರೆಯುತ್ತಿದ್ದಳು. ನಾನು ಅಂಚನ್ನು ಒಳಕ್ಕೆ ಮಡಚಿ ಹೊಲಿದು, ಮೇಲೆ ಒತ್ತೊತ್ತಾಗಿ ಕುಚ್ಚು ಕಟ್ಟಿಕೊಟ್ಟೆ.

ರೀಲ್ಸಿನಲ್ಲಿ ಹೆಸರು ಹೇಳಿರಲಿಲ್ಲ, ಮುಖ ತೋರಿಸಿರಲಿಲ್ಲ. ಗುಟ್ಟು ಕಾಪಾಡಿದೆ ಎಂದೇ ತಿಳಿದಿದ್ದೆ. ಮದುವೆ ಜವಳಿಗೆ ಹೋದಾಗ ಗಂಡಿನ ಕಡೆಯ ಹೆಂಗಸರೆಲ್ಲ ಸೇರಿ ಸೆರಗು ಬಿಡಿಸಿ, ಮುಟ್ಟಿ, ಬೆಳಕಿಗೆ ಹಿಡಿದು ಆರಿಸುತ್ತಾರೆ. ಅಂಥ ಸೀರೆಯ ಗುರುತಿಗೆ ಯಾರ ಮುಖವೂ ಬೇಕಿಲ್ಲ ಎಂಬುದು ನನಗೆ ಹೊಳೆದಿರಲೇ ಇಲ್ಲ.

ಹತ್ತೂವರೆಗೆ ಆ ತಾಯಿ ಫೋನ್ ಮಾಡಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

"ಅಕ್ಕ, ಸುಟ್ಟಿದ್ದೂ ತೋರ್ಸ್‌ಬುಟ್ಟಿದ್ದೀರಲ್ಲ."

"ನಿಮ್ಮ ಹೆಸರು ಎಲ್ಲೂ ಹಾಕಿಲ್ಲಮ್ಮ."

"ಸೀರೆ ಅದೇ ಅಲ್ವಾ ಅಕ್ಕ. ಗಂಡಿನ ಮನೆ ಕಟ್ಟೆಮಳಲವಾಡೀಲಿ. ಅಲ್ಲೂ ಎಲ್ರ ಕೈಲೂ ಫೋನ್ ಅವೆ. ಮದ್ವೆಗೆ ಇನ್ನ ಎಂಟೇ ದಿನ. ತಗ್ದಾಕ್‌ಬುಡಿ."

ತೆಗೆಯುವಾಗ ಎರಡು ಸಲ ಬೇರೇನನ್ನೋ ಒತ್ತಿದೆ. ಕೊನೆಗೂ ತೆಗೆದೆ. ನನ್ನ ಪೇಜಿನಲ್ಲಿ ಅದು ಇಲ್ಲವಾಯಿತು. ಆದರೆ ಅಷ್ಟರೊಳಗೆ ಯಾರ ಯಾರ ಫೋನಿಗೆ ಹೋಗಿ ಕೂತಿದೆಯೋ. ಮಧ್ಯಾಹ್ನ ನೀರು ಹಾಕದೆ ಕುಕ್ಕರ್ ಇಟ್ಟು, ವಾಸನೆ ಬಂದಾಗ ಆರಿಸಿದೆ. ಮೂರು ಗಂಟೆಗೆ ಗೊತ್ತಿಲ್ಲದ ನಂಬರಿನಿಂದ ಕರೆ. "ಆ ದಾಳಿಂಬೆ ಬಣ್ಣದ ಸೀರೆ..." ಎಂದು ಹೆಂಗಸಿನ ದನಿ ಕೇಳಿದ್ದೇ ಮಂಚದ ಅಂಚಿಗೆ ಕೂತುಬಿಟ್ಟೆ. ಎಚ್.ಡಿ. ಕೋಟೆಯವರು, ಅಂಥದ್ದೇ ಕುಚ್ಚು ಬೇಕಿತ್ತಂತೆ. ಗಿರಾಕಿಗಾಗಿ ಅಷ್ಟು ಹಂಬಲಿಸಿದ್ದವಳು ಆಮೇಲೆ ಫೋನನ್ನು ದಿಂಬಿನಡಿ ಇಟ್ಟೆ. ಕಣ್ಣು ಮುಚ್ಚಿದರೆ ಆ ಹುಡುಗಿಯ ಉಗುರು.

ಸಂಜೆ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಪಕ್ಕದ ಮನೆಯವರು ಕಾಂಪೌಂಡಿನಾಚೆ ಕರಿಬೇವು ಕೀಳುತ್ತಿದ್ದರು.

"ಏನ್ರೀ, ನಿಮ್ಮ ಸೀರೆ ವಿಡಿಯೋ ಕಾಣ್ತಾನೇ ಇಲ್ವಲ್ಲ" ಎಂದರು. ನನ್ನ ಉತ್ತರಕ್ಕೇನೂ ಕಾಯಲಿಲ್ಲ. "ಓಗ್ಲಿ ಬುಡಿ, ನಾನು ಬೆಳಿಗ್ಗೆನೇ ಇಳಿಸ್ಕೊಂಡು ನಮ್ಮ ನೆಂಟ್ರ ಗ್ರೂಪ್‌ಗೆ ಹಾಕಿದ್ದೆ, ನಿಮ್ಗೂ ನಾಕು ಗಿರಾಕಿ ಬರ್ಲಿ ಅಂತ. ನಮ್ಮ ಕಟ್ಟೆಮಳಲವಾಡಿ ಚಿಕ್ಕಮ್ಮ ‘ನಾವು ತಗ್ದಿರೋ ಧಾರೆ ಸೀರೆ ಇದ್ದಂಗೇ ಅದೆ’ ಅಂತಿತ್ತು. ‘ಅಂಗ್ಡೀಲಿ ಅಂಥವು ನೂರಿರ್ತವೆ ಸುಮ್ಕಿರು’ ಅಂದೆ."